ಗುಡ್ಡವೇ ನಿಧಿಯಾಗಿರುವಾಗ ಡಬ್ಬಿ ಏಕೆ?

ಇಂಗ್ಲೆಂಡಿನ ಡಡ್ಲಿ ಪಟ್ಟಣದ ಮಗ್ಗುಲಲ್ಲಿ ರೆನ್ಸ್ ನೆಸ್ಟ್ ಎಂಬ ಗುಡ್ಡವಿದೆ. ಸುತ್ತ ಮನೆಗಳು, ಮೇಲೆ ಕಾಡು. ಕಾಡಿನೊಳಗೆ ಹೊಕ್ಕರೆ ಗುಡ್ಡವನ್ನು ಉದ್ದಕ್ಕೆ ಸೀಳಿದಂತಹ ಆಳವಾದ ಕಂದಕಗಳು ಎದುರಾಗುತ್ತವೆ. ಇವು ಮಳೆನೀರು ಕೊರೆದವಲ್ಲ, ಸುಣ್ಣಕಲ್ಲಿಗಾಗಿ ಮನುಷ್ಯರು ಅಗೆದವು. ಅದಿರಿನಿಂದ ಕಬ್ಬಿಣ ತೆಗೆಯುವಾಗ ಕಸರು ಬೇರ್ಪಡಲು ಕುಲುಮೆಗೆ ಸುಣ್ಣಕಲ್ಲನ್ನೂ ಸುರಿಯಬೇಕು. ‘ಬ್ಲ್ಯಾಕ್ ಕಂಟ್ರಿ’ ಎಂದೇ ಹೆಸರಾದ ಈ ಸೀಮೆಯಲ್ಲಿ ಕುಲುಮೆಗಳಿಗೆ ಬರವಿರಲಿಲ್ಲ. ಮೇಲಿನ ಕಲ್ಲು ಸಾಲದಾದಾಗ ಒಳಗೆ ಸುರಂಗ ತೋಡಿದರು, ಗುಡ್ಡದ ಹೊಟ್ಟೆಯೊಳಕ್ಕೇ ಕಾಲುವೆ ತಂದು ದೋಣಿಗಳಲ್ಲಿ ಕಲ್ಲು ಸಾಗಿಸಿದರು. ಗಣಿಗಳು ಮುಚ್ಚಿದ್ದು 1920ರ ದಶಕದಲ್ಲಿ.

ಆ ಕಲ್ಲು ಸುಮಾರು 43 ಕೋಟಿ ವರ್ಷ ಹಿಂದಿನ ಸಮುದ್ರದ ತಳ. ಗಣಿ ಕೆಲಸಗಾರರಿಗೆ ಅದರಲ್ಲಿ ಆಗಾಗ ಒಂದು ಜೀವಿಯ ಅಚ್ಚು ಸಿಗುತ್ತಿತ್ತು. ಮೈಯೆಲ್ಲ ಪಟ್ಟಿ ಪಟ್ಟಿ. ಕೆಲವು ಉಂಡೆಯಾಗಿ ಸುರುಳಿಕೊಂಡೇ ಕಲ್ಲಾಗಿದ್ದವು, ಮಲೆನಾಡಿನ ಮಳೆಗಾಲದಲ್ಲಿ ಮುಟ್ಟಿದೊಡನೆ ಗೋಲಿಯಾಗಿಬಿಡುವ ಹುಳುವಿನ ಹಾಗೆ. ‘ಡಡ್ಲಿ ಬಗ್’ ಎಂದು ಅವರು ಕರೆದ ಈ ಟ್ರೈಲೋಬೈಟ್, ಅಂದರೆ ಈಗ ಅಳಿದುಹೋಗಿರುವ ಕಡಲಜೀವಿ, ಮುಂದೆ ಊರಿನ ಲಾಂಛನದಲ್ಲೂ ಜಾಗ ಪಡೆಯಿತು. 1956ರಲ್ಲಿ ಗುಡ್ಡವನ್ನು ರಾಷ್ಟ್ರೀಯ ಪ್ರಕೃತಿ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಬ್ರಿಟನ್ನಿನಲ್ಲಿ ಭೂವಿಜ್ಞಾನದ ಕಾರಣಕ್ಕೆ ಆ ಮಾನ್ಯತೆ ಪಡೆದ ಮೊದಲ ಜಾಗ ಇದು. ಸುತ್ತಿಗೆಗೆ ಇಲ್ಲಿ ಪ್ರವೇಶವಿಲ್ಲ.

ಇಂಥ ಜಾಗಕ್ಕೂ, ಜಿಪಿಎಸ್ ಹಿಡಿದು ಬಚ್ಚಿಟ್ಟ ಡಬ್ಬಿ ಹುಡುಕುವ ಜಿಯೋಕ್ಯಾಶಿಂಗ್ ಎಂಬ ಆಟಕ್ಕೂ ಹೇಗೆ ಹೊಂದುತ್ತದೆ ಎಂದು ತಿಳಿಯಲು 2000ದ ಮೇ ತಿಂಗಳಿಗೆ ಹೋಗಬೇಕು. ಅಲ್ಲಿಯವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕೊಡುತ್ತಿತ್ತು. ಸುಮಾರು ನೂರು ಮೀಟರಿನವರೆಗೆ ಲೆಕ್ಕ ತಪ್ಪುತ್ತಿತ್ತು. ಮೇ ಆರಂಭದಲ್ಲಿ ಆ ಅಡ್ಡಿ ತೆಗೆದರು. ಮೇ 3ರಂದು ಡೇವ್ ಅಲ್ಮರ್ ಎಂಬುವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಕಪ್ಪು ಬಕೆಟ್ಟೊಂದನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಅಂತರ್ಜಾಲದಲ್ಲಿ ಪ್ರಕಟಿಸಿದರು. ಹುಡುಕಿದವರು ಒಳಗಿನ ವಸ್ತು ತೆಗೆದುಕೊಳ್ಳಬಹುದು, ಬದಲಿಗೆ ಮತ್ತೊಂದನ್ನಿಟ್ಟು ಪುಸ್ತಕದಲ್ಲಿ ಬರೆದು ಬರಬೇಕು. ಆಟ ಹುಟ್ಟಿದ್ದು ಹೀಗೆ.

ತೊಡಕೂ ಆ ಬಕೆಟ್ಟಿನಲ್ಲೇ ಇತ್ತು. ಅಡ್ಡಿ ತೆಗೆದ ಮೇಲೂ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ. ಆ ಕೆಲವು ಮೀಟರ್ ಸುತ್ತಮುತ್ತ ಬಂದವರೆಲ್ಲ ಪ್ರತಿಯೊಂದು ಕಲ್ಲನ್ನೂ ಎತ್ತಿ, ಪ್ರತಿಯೊಂದು ಪೊದೆಯನ್ನೂ ಸರಿಸಿ ನೋಡುತ್ತಾರೆ. ಹತ್ತು ಜನ ಹೋದರೆ ಹುಲ್ಲು ಮಲಗುತ್ತದೆ, ನೂರು ಜನ ಹೋದರೆ ಕಾಲುದಾರಿ ಬೀಳುತ್ತದೆ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಆದರೂ ಹಾನಿ ಹಾನಿಯೇ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಬೇಗನೆ ತಕರಾರು ತೆಗೆಯಿತು. ಮೊದಲ ಬಕೆಟ್ಟನ್ನು ಹೂತಿಟ್ಟಿದ್ದರೂ ಆಮೇಲೆ ಹೂಳುವುದಕ್ಕೆ ನಿರ್ಬಂಧ ಬಂತು, ಜಾಗದ ಒಡೆಯರ ಒಪ್ಪಿಗೆ ಕಡ್ಡಾಯವಾಯಿತು.

ರೆನ್ಸ್ ನೆಸ್ಟ್‌ನಂತಹ ಗುಡ್ಡದಲ್ಲಿ ಮಾತು ಇನ್ನೂ ಸೂಕ್ಷ್ಮ. ಡಬ್ಬಿ ಬಚ್ಚಿಡುವವರ ಕಣ್ಣು ಮೊದಲು ಹೋಗುವುದೇ ಬಂಡೆಯ ಬಿರುಕಿಗೆ. ಇಲ್ಲಿ ಆ ಬಿರುಕನ್ನು ಕೆದಕಿದರೆ ಉದುರುವುದು ಪಳೆಯುಳಿಕೆ. ಹಳೆಯ ಸುರಂಗಗಳಲ್ಲಿ ಬಾವಲಿಗಳು ಚಳಿಗಾಲದ ನಿದ್ದೆ ಮಾಡುತ್ತವೆ. ಟೊಳ್ಳಾದ ನೆಲ ಕುಸಿಯುವ ಭಯವೂ ಇರುವುದರಿಂದ ಬೇಲಿ ದಾಟುವಂತಿಲ್ಲ.

ಹಾದಿ ತೋರಿದವರು ಭೂವಿಜ್ಞಾನಿಗಳು. 2004ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸೊಸೈಟಿಯ ಆಶ್ರಯದಲ್ಲಿ ‘ಅರ್ಥ್‌ಕ್ಯಾಶ್’ ಶುರುವಾಯಿತು. ಅದರಲ್ಲಿ ಡಬ್ಬಿಯೇ ಇಲ್ಲ. ಜಾಗವನ್ನು ತಲುಪಿ, ಕಲ್ಲನ್ನು ಕಣ್ಣಾರೆ ನೋಡಿ, ಕೇಳಿದ ಪ್ರಶ್ನೆಗಳಿಗೆ ಉತ್ತರ ಬರೆದು ಕಳುಹಿಸಬೇಕು. ಈ ಆಟದಲ್ಲಿ ನನಗೆ ಬಹಳ ಇಷ್ಟವಾದ ತಿರುವು ಇದೇ. ಅಲ್ಲಿಯವರೆಗೆ ಡಬ್ಬಿಯ ನೆಪದಲ್ಲಿ ಕಲ್ಲನ್ನು ಪಕ್ಕಕ್ಕೆ ಸರಿಸುತ್ತಿದ್ದವರು ಈಗ ಆ ಕಲ್ಲಿನ ಮುಂದೆಯೇ ನಿಂತು ಅದನ್ನು ಓದಬೇಕು.

ರೆನ್ಸ್ ನೆಸ್ಟ್‌ನಲ್ಲಿ ಓದಲು ಬೇಕಾದಷ್ಟಿದೆ. ಒಂದು ಕಡೆ ಗೋಡೆಯಂತೆ ಓರೆಯಾಗಿ ಎದ್ದು ನಿಂತ ದೊಡ್ಡ ಚಪ್ಪಡಿಯ ಮೇಲೆ, ನೀರು ಇಳಿದ ಮರಳ ದಂಡೆಯಲ್ಲಿ ಕಾಣುವಂತಹ ಅಲೆಗಳ ಏಣುಗಳು ಸಾಲುಸಾಲಾಗಿ ಮೂಡಿವೆ. ಯಾವುದೋ ಒಂದು ದಿನ ಆಳವಿಲ್ಲದ ಕಡಲು ಅಲ್ಲಿ ಹೊಯ್ದಾಡಿ ಬಿಟ್ಟುಹೋದ ಗುರುತು ಅದು. ಮುಂದೆ ಭೂಮಿ ಮಡಚಿಕೊಂಡು ಆ ತಳವನ್ನೇ ಎತ್ತಿ ನಿಲ್ಲಿಸಿತು, ಗಣಿಗಾರರು ಮೇಲಿದ್ದ ಪದರವನ್ನು ತೆಗೆದು ಬೆಳಕಿಗೆ ತಂದರು. ಎರಡು ಏಣುಗಳ ನಡುವೆ ಎಷ್ಟು ಅಂತರ, ನೀರು ಯಾವ ಕಡೆಗೆ ಅಲುಗಿತ್ತು ಎಂದು ಕೇಳಿದರೆ ಹತ್ತು ವರ್ಷದ ಮಗುವೂ ನಿಂತು ನೋಡಿ ಹೇಳಬಹುದು.