ಮನೆಗೆ ಯಾವ ಕ್ಯಾಮೆರಾ? ಜಾಗ ನೋಡಿ ಲೆಕ್ಕ ಹಾಕುವುದು ಹೇಗೆ

ಸಿಸಿಟಿವಿ ಕೆಲಸ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಹುಬ್ಬಳ್ಳಿಯಲ್ಲಿ ಯಾವ ಮನೆಗೆ ಹೋದರೂ ಮೊದಲು ಕೇಳುವುದು ಒಂದೇ: "ಎಷ್ಟ ಮೆಗಾಪಿಕ್ಸೆಲ್ ಹಾಕಸ್ಬೇಕ್ರಿ?" ಇದಕ್ಕೆ ತಕ್ಷಣ ಒಂದು ನಂಬರ್ ಹೇಳಿಬಿಡಬೇಡಿ. ತಿರುಗಿ ಕೇಳಿ: "ಈ ಜಾಗದಾಗ ನಿಮಗ ಏನ್ ಕಾಣಬೇಕ್ರಿ? ಯಾರೋ ಬಂದ್ರು ಅಂತ ಗೊತ್ತಾದ್ರ ಸಾಕೋ, ಮುಖದ ಗುರುತೂ ಸಿಗಬೇಕೋ?" ಲೆನ್ಸ್, ಎತ್ತರ, ಮೆಗಾಪಿಕ್ಸೆಲ್ ಮೂರನ್ನೂ ತೀರ್ಮಾನಿಸುವುದು ಈ ಪ್ರಶ್ನೆಯ ಉತ್ತರ.

ಮೀಟರಿಗೆ ಎಷ್ಟು ಪಿಕ್ಸೆಲ್

ಇದಕ್ಕೆ ಐಇಸಿ 62676-4 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. 2014ರ ಆವೃತ್ತಿಯ ಅಳತೆಗಳನ್ನೇ ಇಂದಿಗೂ ಕ್ಯಾಮೆರಾಗಳ ಡೇಟಾಶೀಟಿನಲ್ಲಿ (ಕಂಪನಿ ಕೊಡುವ ವಿವರದ ಹಾಳೆ) ನೋಡುತ್ತೀರಿ. ಆಳು ನಿಂತ ಜಾಗದಲ್ಲಿ ಒಂದು ಮೀಟರ್ ಅಗಲಕ್ಕೆ ಎಷ್ಟು ಪಿಕ್ಸೆಲ್ (ಚಿತ್ರದ ಚುಕ್ಕೆ) ಬೀಳುತ್ತವೆ ಅನ್ನುವುದೇ ಇಲ್ಲಿ ಮುಖ್ಯ. 25 ಬಿದ್ದರೆ ಅಲ್ಲಿ ಯಾರೋ ಇದ್ದಾರೆ ಅಂತ ತಿಳಿಯುತ್ತದೆ. 62ರ ಆಸುಪಾಸು ಇದ್ದರೆ ಬಟ್ಟೆಬರೆ, ಓಡಾಟ ಕಾಣುತ್ತದೆ. 125 ಇದ್ದರೆ ಪರಿಚಯದವರನ್ನು ಗುರುತು ಹಿಡಿಯಬಹುದು. ಎಂದೂ ನೋಡದವನ ಮುಖ ಖಚಿತವಾಗಿ ಸಿಗಬೇಕಾದರೆ 250 ಬೇಕು.

ಈಗ ಲೆಕ್ಕ. 2 ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಪಿಕ್ಸೆಲ್. 250ರಿಂದ ಭಾಗಿಸಿ, 7.68 ಮೀಟರ್ ಬರುತ್ತದೆ. ಅಂದರೆ ಆಳು ನಿಂತಲ್ಲಿ ದೃಶ್ಯದ ಅಗಲ 7.68 ಮೀಟರ್ ಒಳಗಿದ್ದರೆ ಮಾತ್ರ ಮುಖದ ಗುರುತು ಸಿಗುತ್ತದೆ. ದೃಶ್ಯದ ಅಗಲವನ್ನು ತೀರ್ಮಾನಿಸುವುದು ಲೆನ್ಸ್; ಅದರ ಎಂಎಂ (ಫೋಕಲ್ ಲೆಂತ್) ಹೆಚ್ಚಿದಷ್ಟೂ ನೋಟ ಕಿರಿದು. ಸಾಮಾನ್ಯ 1/2.8 ಇಂಚಿನ ಸೆನ್ಸರ್ (ಬೆಳಕನ್ನು ಚಿತ್ರವಾಗಿಸುವ ಚಿಪ್) ಇದ್ದಾಗ 2.8 ಎಂಎಂ ಲೆನ್ಸಿನಲ್ಲಿ ಅಗಲವು ದೂರದ ಸುಮಾರು ಎರಡು ಪಟ್ಟು. 4 ಎಂಎಂಗೆ 1.35 ಪಟ್ಟು, 6 ಎಂಎಂಗೆ 0.9 ಪಟ್ಟು.

ಹೀಗಾಗಿ 2 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕೆ 2.8 ಎಂಎಂ ಲೆನ್ಸ್ ಇದ್ದರೆ ಮುಖ ಸಿಗುವುದು ಸುಮಾರು 3.8 ಮೀಟರ್ ತನಕ, ಹನ್ನೆರಡು ಅಡಿ ಅನ್ನಿ. ಅದೇ ಕ್ಯಾಮೆರಾಕ್ಕೆ 6 ಎಂಎಂ ಲೆನ್ಸ್ ಇದ್ದರೆ 8.5 ಮೀಟರ್, ಇಪ್ಪತ್ತೆಂಟು ಅಡಿ. ಈಗ 8 ಮೆಗಾಪಿಕ್ಸೆಲ್ ತಗೊಳ್ಳಿ. ಅಗಲ 3840 ಪಿಕ್ಸೆಲ್. 2.8 ಎಂಎಂ ಲೆನ್ಸಿನಲ್ಲಿ ಬರುವುದು 7.7 ಮೀಟರ್ ಅಷ್ಟೇ! ದೂರದ ಮುಖದ ವಿಷಯಕ್ಕೆ ಬಂದರೆ, ಸರಿಯಾದ ಲೆನ್ಸಿನ 2 ಮೆಗಾಪಿಕ್ಸೆಲ್ ಕ್ಯಾಮೆರಾ ಅಗಲ ಲೆನ್ಸಿನ ದುಬಾರಿ 8 ಮೆಗಾಪಿಕ್ಸೆಲ್ ಕ್ಯಾಮೆರಾಕ್ಕಿಂತ ಮುಂದೆ ನಿಲ್ಲುತ್ತದೆ. ಇದೊಂದನ್ನು ಕೈಯಾರೆ ಲೆಕ್ಕ ಹಾಕಿ ನೋಡಿ, ಆಮೇಲೆ ಮರೆಯುವುದಿಲ್ಲ.

ಅಂತ ಎಲ್ಲ ಕಡೆ 6 ಎಂಎಂ ಹಾಕಿದರೂ ಕಷ್ಟ. ಅದು ದೂರ ನೋಡುತ್ತದೆ, ಅಕ್ಕಪಕ್ಕ ಬಿಡುತ್ತದೆ. ನವನಗರದ ಕಡೆ 30×40 ಸೈಟಿನ ಮನೆಗಳಲ್ಲಿ ಬಾಗಿಲಿನಿಂದ ಗೇಟಿಗೆ ಹತ್ತು ಅಡಿ ಇದ್ದರೆ ಹೆಚ್ಚು. ಅಲ್ಲಿ 2.8 ಎಂಎಂ ಸಾಕು. ಧಾರವಾಡದ ಮಾಳಮಡ್ಡಿ, ಸಪ್ತಾಪುರದ ಹಳೇ ಮನೆಗಳಲ್ಲಿ ದೊಡ್ಡ ಕಂಪೌಂಡು, ಮಾವಿನ ಗಿಡ, ಅದರಾಚೆ ಗೇಟು. ಅಂಥಲ್ಲಿ ಅಂಗಳಕ್ಕೆ ಒಂದು 2.8, ಗೇಟಿಗೆಂದೇ ಮೀಸಲಿಟ್ಟ ಒಂದು 6 ಎಂಎಂ ಬೇಕು. ಒಂದೇ ಕ್ಯಾಮೆರಾದಿಂದ ಎರಡೂ ಕೆಲಸ ಮಾಡಿಸಲು ಹೋದರೆ ಎರಡೂ ಅರ್ಧಂಬರ್ಧ.

ಎತ್ತರವನ್ನೂ ಇದರ ಜೊತೆಗೇ ನೋಡಿ. ಐದೂವರೆ ಅಡಿಯಲ್ಲಿರುವ ಮುಖ ಹತ್ತು ಅಡಿ ದೂರದಲ್ಲಿದೆ ಅಂದುಕೊಳ್ಳಿ. ಕ್ಯಾಮೆರಾ ಒಂಬತ್ತು ಅಡಿ ಎತ್ತರದಲ್ಲಿದ್ದರೆ ಅದು ಕೆಳಗೆ ನೋಡುವ ಕೋನ ಸುಮಾರು 19 ಡಿಗ್ರಿ. ಹದಿನೈದು ಅಡಿಗೆ ಏರಿಸಿದರೆ 43 ಡಿಗ್ರಿ ಆಗುತ್ತದೆ, ಆಗ ಸಿಗುವುದು ಬರೀ ನೆತ್ತಿ, ಟೋಪಿ. "ಕೈಗೆ ಸಿಗಬಾರ್ದು, ಮ್ಯಾಲೆ ಹಾಕ್ರಿ" ಅಂತಾರೆ ಮನೆಯವರು. ಎಂಟರಿಂದ ಹತ್ತು ಅಡಿ ದಾಟಬೇಡಿ. ಹೆದರಿಕೆ ಇದ್ದರೆ ಏಟು ತಡೆಯುವ ಐಕೆ10 ಕವಚದ್ದು ಹಾಕಿ.

ರಾತ್ರಿ

ಹಗಲಲ್ಲಿ ಎಲ್ಲ ಕ್ಯಾಮೆರಾಗಳೂ ಚೆನ್ನಾಗೇ ಕಾಣುತ್ತವೆ. ಕ್ಯಾಮೆರಾದ ಯೋಗ್ಯತೆ ತಿಳಿಯುವುದು ರಾತ್ರಿ. ಬೆಳಕು ಕಡಿಮೆಯಾದಾಗ ಕ್ಯಾಮೆರಾ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ನಿಂತ ಗೋಡೆ ಸ್ಪಷ್ಟ, ನಡೆಯುವ ಮನುಷ್ಯ ಮಸುಕು. ಸೆನ್ಸರ್ ಅಳತೆ ಅಷ್ಟೇ ಇಟ್ಟು ಮೆಗಾಪಿಕ್ಸೆಲ್ ಏರಿಸಿದರೆ ಒಂದೊಂದು ಪಿಕ್ಸೆಲ್ಲಿಗೆ ಬೀಳುವ ಬೆಳಕು ಇನ್ನೂ ಕಡಿಮೆ. ಅದಕ್ಕೇ ಡೇಟಾಶೀಟಿನಲ್ಲಿ ಸೆನ್ಸರ್ ಅಳತೆ ಮತ್ತು ಲೆನ್ಸಿನ ಎಫ್ ನಂಬರ್ ಹುಡುಕಿ ಓದಿ. ಎಫ್ ನಂಬರ್ ಚಿಕ್ಕದಿದ್ದಷ್ಟೂ ಬೆಳಕು ಜಾಸ್ತಿ. ರಾತ್ರಿಯೂ ಬಣ್ಣದಲ್ಲಿ ತೋರಿಸುವ ಹಲವು ಕ್ಯಾಮೆರಾಗಳಲ್ಲಿ ಎಫ್1.0 ಲೆನ್ಸ್ ಇರುತ್ತದೆ. ಆದರೂ ಅವಕ್ಕೆ ಒಂದಿಷ್ಟು ಬೆಳಕು ಬೇಕೇ ಬೇಕು. ಗೇಟಿನ ಹತ್ತಿರ ಒಂದು ಎಲ್ಇಡಿ ಬಲ್ಬ್ ಉರಿಯುತ್ತಿದ್ದರೆ ಆಗುವ ಲಾಭ ದೊಡ್ಡದು.

ಮಾಮೂಲಿ ಐಆರ್ (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಕ್ಯಾಮೆರಾ ಹಾಕುವಾಗ ಸಜ್ಜಾ, ಬಿಳಿ ಗೋಡೆ ಲೆನ್ಸಿನ ಪಕ್ಕಕ್ಕೇ ಬರದಂತೆ ನೋಡಿಕೊಳ್ಳಿ. ಐಆರ್ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತದೆ. ಗೋಡೆ ಬೆಳ್ಳಗೆ, ಅಂಗಳ ಕಪ್ಪಗೆ ಆಗುತ್ತದೆ. ಜೇಡರ ಬಲೆಯದ್ದೂ ಇದೇ ಕಥೆ. ಒಂದೇ ಎಳೆ ಗಾಳಿಗೆ ಅಲ್ಲಾಡಿದರೂ ಹೊಳೆಯುತ್ತದೆ, ರಾತ್ರಿಯೆಲ್ಲ ಮೊಬೈಲಿಗೆ ಅಲರ್ಟ್ ಬರುತ್ತದೆ. ನಮ್ಮ ಹುಬ್ಬಳ್ಳಿ ಧೂಳಿಗೆ ಹೊರಗಡೆ ಡೋಮ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಗುಂಬಜದಂಥ ಕವಚದ ಮೇಲೆ ಧೂಳು ಕೂತು, ಅದರ ಮೇಲೆ ಮಳೆಹನಿ ಬಿದ್ದರೆ ಐಆರ್ ಅಲ್ಲೇ ಚದುರಿ ಚಿತ್ರವೆಲ್ಲ ಮಂಜು ಮಂಜು. ಉದ್ದ ಕೊಳವೆಯಂಥ ಬುಲೆಟ್ ಅಥವಾ ಗುಂಬಜದ ಕವಚವಿಲ್ಲದ ಗುಂಡನೆಯ ಟರೆಟ್ ಹಾಕಿ. ಹೊರಗಿನದಕ್ಕೆ ಐಪಿ66 ಇಲ್ಲವೇ ಐಪಿ67 (ಧೂಳು, ನೀರು ತಡೆಯುವ ದರ್ಜೆ) ಇರಲಿ. ಧಾರವಾಡದ ಜಿಟಿಜಿಟಿ ಮಳೆ ಕ್ಯಾಮೆರಾಕ್ಕಿಂತ ಮೊದಲು ಕೆಡಿಸುವುದು ಕನೆಕ್ಟರನ್ನು. ಜಾಯಿಂಟುಗಳೆಲ್ಲ ಬಾಕ್ಸಿನ ಒಳಗಿರಬೇಕು.

ಪೂರ್ವಕ್ಕೆ ಬಾಗಿಲಿರುವ ಮನೆಯಲ್ಲಿ ಒಳಗಿನಿಂದ ಬಾಗಿಲು ನೋಡುವ ಕ್ಯಾಮೆರಾ ಇದ್ದರೆ ಬೆಳಗಿನ ಬಿಸಿಲಿಗೆ ಬಂದವರ ಮುಖ ಕಪ್ಪಗಾಗುತ್ತದೆ. ಅಲ್ಲಿಗೆ 120 ಡೆಸಿಬೆಲ್ ಡಬ್ಲ್ಯುಡಿಆರ್ (ಬಿಸಿಲು, ನೆರಳು ಎರಡನ್ನೂ ಒಟ್ಟಿಗೆ ಕಾಣಿಸುವ ಸೌಲಭ್ಯ) ಇರುವುದನ್ನೇ ಆರಿಸಿ. ಡಿಡಬ್ಲ್ಯುಡಿಆರ್ ಅಂತ ಬರೆದಿದ್ದರೆ ಅದು ಬರೀ ಸಾಫ್ಟ್‌ವೇರಿನ ಕೆಲಸ. ಎರಡೂ ಒಂದೇ ಅಲ್ಲ.

ಕರೆಂಟು, ಕೇಬಲ್ಲು

ಅನಲಾಗ್ ಎಚ್‌ಡಿ ಆದರೆ ಡಿವಿಆರ್ (ರೆಕಾರ್ಡ್ ಮಾಡುವ ಪೆಟ್ಟಿಗೆ), 3+1 ಕೇಬಲ್ (ವಿಡಿಯೊ ತಂತಿ, ಕರೆಂಟು ತಂತಿ ಒಟ್ಟಿಗಿರುವುದು), ಎಸ್‌ಎಂಪಿಎಸ್ (12 ವೋಲ್ಟ್ ಕೊಡುವ ಪವರ್ ಸಪ್ಲೈ). ಐಪಿ (ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಕ್ಯಾಮೆರಾ) ಆದರೆ ಎನ್‌ವಿಆರ್ (ಅದರ ರೆಕಾರ್ಡರ್), ಕ್ಯಾಟ್6 ನೆಟ್‌ವರ್ಕ್ ಕೇಬಲ್, ಪಿಒಇ ಸ್ವಿಚ್. ನಾಲ್ಕು ಕ್ಯಾಮೆರಾದ ಸಣ್ಣ ಮನೆಗೆ ಅನಲಾಗ್ ಇನ್ನೂ ಅಗ್ಗ, ಕೆಲಸವೂ ಸಲೀಸು. ಹೊಸ ಮನೆ ಕಟ್ಟುತ್ತಿದ್ದರೆ ಮಾತ್ರ ಪೈಪಿನಲ್ಲಿ ಕ್ಯಾಟ್6 ಎಳೆದಿಡಿ. ಪಿಒಇಯಲ್ಲಿ 100 ಮೀಟರ್ ತನಕ ಒಂದೇ ಕೇಬಲ್ಲಿನಲ್ಲಿ ಡೇಟಾ, ಕರೆಂಟು ಎರಡೂ ಹೋಗುತ್ತವೆ. ವೈಫೈ ಕ್ಯಾಮೆರಾ ಬಾಡಿಗೆ ಮನೆಗೆ ಸರಿ. ಹಳೇ ಓಣಿಯ ದಪ್ಪ ಗೋಡೆ ದಾಟಿ ಸಿಗ್ನಲ್ ಬರುವುದು ಕಷ್ಟ. ಎಸ್‌ಡಿ ಕಾರ್ಡ್ ಕ್ಯಾಮೆರಾದಲ್ಲೇ ಇರುವುದರಿಂದ ಕ್ಯಾಮೆರಾ ಕಿತ್ತೊಯ್ದರೆ ರೆಕಾರ್ಡಿಂಗೂ ಹೋಯಿತು.

"ಹಗಲು ಸರಿ ಇರ್ತೈತ್ರಿ, ರಾತ್ರಿ ಬಂದಾಗುತ್ತ" ಅಂತ ಯಾರಾದರೂ ಹೇಳಿದರೆ ಕ್ಯಾಮೆರಾ ಬದಲಿಸುವ ಮೊದಲು ವೋಲ್ಟೇಜ್ ನೋಡಿ. ಕತ್ತಲಾದ ಕೂಡಲೇ ಐಆರ್ ದೀಪಗಳು ಹತ್ತುತ್ತವೆ, ಕ್ಯಾಮೆರಾ ಎಳೆಯುವ ಕರೆಂಟು ಏರುತ್ತದೆ. ಉದ್ದದ ಕೇಬಲ್ಲಿನ ಹೋಗಿ ಬರುವ ರೆಸಿಸ್ಟೆನ್ಸ್ 5 ಓಮ್ ಅಂದುಕೊಳ್ಳಿ. ಹಗಲು 0.2 ಆಂಪಿಯರ್ ಇದ್ದಾಗ ಕಳೆಯುವುದು 1 ವೋಲ್ಟ್. ರಾತ್ರಿ 0.5 ಆಂಪಿಯರ್ ಆದರೆ 2.5 ವೋಲ್ಟ್. 12 ಹೊರಟದ್ದು 9.5 ಆಗಿ ತಲುಪುತ್ತದೆ. ಕ್ಯಾಮೆರಾ ಆಫ್ ಆಗುತ್ತದೆ, ಐಆರ್ ಆರಿದಾಗ ವೋಲ್ಟೇಜ್ ಏರುತ್ತದೆ, ಮತ್ತೆ ಆನ್ ಆಗುತ್ತದೆ, ಮತ್ತೆ ಆಫ್. ಮಲ್ಟಿಮೀಟರನ್ನು ಕ್ಯಾಮೆರಾದ ತುದಿಯಲ್ಲೇ ಹಿಡಿಯಬೇಕು, ಐಆರ್ ಹತ್ತಿರುವಾಗಲೇ ಅಳೆಯಬೇಕು. ಮದ್ದು ಅಂದರೆ ಶುದ್ಧ ತಾಮ್ರದ ಕೇಬಲ್, ಅಥವಾ ಕ್ಯಾಮೆರಾಕ್ಕೆ ಹತ್ತಿರದಲ್ಲೇ ಅಡಾಪ್ಟರ್.

ಹೆಸ್ಕಾಂ ಕರೆಂಟು ಹೋದಾಗ ಏನಾಗುತ್ತದೆ ಅಂತ ಮನೆಯವರ ಎದುರೇ ಮೇನ್ ಆಫ್ ಮಾಡಿ ತೋರಿಸಿ. ಡಿವಿಆರ್ ಇನ್ವರ್ಟರ್ ಮೇಲಿದ್ದು ಎಸ್‌ಎಂಪಿಎಸ್ ಬೇರೆ ಲೈನಿನಲ್ಲಿದ್ದರೆ ಕಪ್ಪು ಪರದೆಯೇ ರೆಕಾರ್ಡ್ ಆಗುತ್ತದೆ. ಮೊಬೈಲಿನಲ್ಲಿ ನೋಡಬೇಕಾದರೆ ರೂಟರೂ ಇನ್ವರ್ಟರಿಗೆ ಬರಬೇಕು.

ಎಷ್ಟು ದಿನದ ರೆಕಾರ್ಡಿಂಗ್

2 ಮೆಗಾಪಿಕ್ಸೆಲ್, ಎಚ್.265 (ವಿಡಿಯೊ ಕುಗ್ಗಿಸುವ ವಿಧಾನ), 2 ಎಂಬಿಪಿಎಸ್ (ಸೆಕೆಂಡಿಗೆ 2 ಮೆಗಾಬಿಟ್) ಇಟ್ಟರೆ ಒಂದು ಕ್ಯಾಮೆರಾಕ್ಕೆ ದಿನಕ್ಕೆ 21.6 ಜಿಬಿ. ನಾಲ್ಕಕ್ಕೆ 86 ಜಿಬಿ ಚಿಲ್ಲರೆ. 1 ಟಿಬಿ ಹಾರ್ಡ್‌ಡಿಸ್ಕ್ ಹನ್ನೊಂದು ದಿನ ಬರುತ್ತದೆ, 2 ಟಿಬಿ ಇಪ್ಪತ್ಮೂರು ದಿನ. ಊರಿಗೆ, ಯಾತ್ರೆಗೆ ಅಂತ ವಾರಗಟ್ಟಲೆ ಮನೆ ಬೀಗ ಹಾಕುವವರಿಗೆ 2 ಟಿಬಿಯೇ ಹೇಳಿ. ಕಂಪ್ಯೂಟರಿನ ಹಳೇ ಡಿಸ್ಕ್ ಹಾಕಬೇಡಿ, ಹಗಲೂ ರಾತ್ರಿ ಬರೆಯುವುದಕ್ಕೆಂದೇ ಮಾಡಿದ ಸರ್ವೆಲನ್ಸ್ ಡಿಸ್ಕ್ ಸಿಗುತ್ತವೆ.

ಪಾಸ್‌ವರ್ಡ್, ಪಕ್ಕದ ಮನೆ, ಪೊಲೀಸ್ ಠಾಣೆ

2016ರಲ್ಲಿ ಮಿರಾಯ್ ಅನ್ನುವ ಮಾಲ್‌ವೇರ್ (ಕೇಡು ಮಾಡುವ ಸಾಫ್ಟ್‌ವೇರ್), ಕಂಪನಿ ಕೊಟ್ಟ ಪಾಸ್‌ವರ್ಡನ್ನೇ ಹಾಗೇ ಬಿಟ್ಟಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು ದೊಡ್ಡ ದೊಡ್ಡ ವೆಬ್‌ಸೈಟುಗಳನ್ನೇ ಮಲಗಿಸಿತ್ತು. ಕೆಲಸ ಮುಗಿಸಿ ಹೊರಡುವ ಮೊದಲು ಪಾಸ್‌ವರ್ಡನ್ನು ಮನೆಯವರ ಕೈಯಲ್ಲೇ ಹಾಕಿಸಿ. ಅದು ನಿಮಗೂ ಗೊತ್ತಿರಬಾರದು. ಕೇಂದ್ರ ಸರ್ಕಾರ 2024ರಲ್ಲಿ ಸಿಸಿಟಿವಿಗಳಿಗೆ ಸೈಬರ್ ಭದ್ರತೆಯ ಪರೀಕ್ಷೆಯನ್ನು ಕಡ್ಡಾಯ ಮಾಡಿ ಆದೇಶ ಹೊರಡಿಸಿದೆ. ಬಾಕ್ಸಿನ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು ನೋಡಿ ಕೊಳ್ಳಿ, ಹೆಸರೂ ಬಿಲ್ಲೂ ಇಲ್ಲದ ಮಾಲು ಬೇಡ.

ಹಳೇ ಹುಬ್ಬಳ್ಳಿಯ ಓಣಿಗಳಲ್ಲಿ ಬಾಗಿಲಿಗೆ ಬಾಗಿಲು ಎದುರು. ಕ್ಯಾಮೆರಾ ನೇರ ಹಾಕಿದರೆ ಎದುರು ಮನೆಯ ಪಡಸಾಲೆಯೇ ಕಾಣುತ್ತದೆ. ಅದು ತಪ್ಪು, ಜಗಳಕ್ಕೂ ದಾರಿ. ಗೋಡೆಗುಂಟ ಓಣಿಯ ಉದ್ದಕ್ಕೆ ತಿರುಗಿಸಿ. ಆದರೂ ಕಂಡರೆ ಪ್ರೈವಸಿ ಮಾಸ್ಕ್ ಹಾಕಿ ಆ ಭಾಗ ಮುಚ್ಚಿ, ಎದುರು ಮನೆಯ ಅಕ್ಕಾರನ್ನು ಕರೆದು ಪರದೆ ತೋರಿಸಿ.

ಕಳ್ಳತನ ಆದಾಗ ಜನ ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ವಾಟ್ಸಾಪಿಗೆ ಹಾಕಿ ಸುಮ್ಮನಾಗುತ್ತಾರೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು, ಅದರಲ್ಲಿ ಫೈಲಿನ ಹ್ಯಾಶ್ ಮೌಲ್ಯವೂ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಇರಬೇಕು. ಅದಕ್ಕೆ ಮೂಲ ಫೈಲೇ ಆಗಬೇಕು. ಡಿವಿಆರ್ ಗಡಿಯಾರ ಸರಿಯಾದ ಹೊತ್ತು ತೋರಿಸುವಂತೆ ಇಂಟರ್ನೆಟ್ ಟೈಮಿಗೆ ಜೋಡಿಸಿ. ಡಿಸ್ಕ್ ತುಂಬಿದರೆ ಹಳೆಯದು ಅಳಿಸಿಹೋಗುತ್ತದೆ. ಆದ್ದರಿಂದ ಬೇಕಾದ ಹೊತ್ತಿನ ರೆಕಾರ್ಡಿಂಗನ್ನು ಪೆನ್‌ಡ್ರೈವಿಗೆ ತೆಗೆಯುವುದು ಹೇಗೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಕಲಿಸಿ, ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.