ಷರ್ಲಾಕ್ ಬಿದ್ದ ಮೇಲೆ ಎರಡು ವರ್ಷ

"ನಿಲ್ಲಿಸು, ನಿಲ್ಲಿಸು. ಆ ಲಾರಿ ನೋಡು."

2012ರ ಜನವರಿ ಕೊನೆ. ಬೆಂಗಳೂರಿನ ಒಂದು ಪಿಜಿ ರೂಮು, ಮೂರು ಜನಕ್ಕೆ ಒಂದು ಲ್ಯಾಪ್‌ಟಾಪು, ಯಾರದೋ ಪೆನ್‌ಡ್ರೈವ್‌ನಲ್ಲಿ ಬಂದ ಬಿಬಿಸಿಯ ಷರ್ಲಾಕ್ ಸೀರಿಯಲ್ಲಿನ ಎಪಿಸೋಡು. ನನ್ನ ರೂಮ್‌ಮೇಟ್ ಆ ಎರಡು ನಿಮಿಷವನ್ನು ಎಷ್ಟು ಸಲ ಹಿಂದಕ್ಕೆ ಎಳೆದನೋ ಲೆಕ್ಕವಿಲ್ಲ. ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂ ಆಸ್ಪತ್ರೆಯ ತಾರಸಿ ಮೇಲೆ ಪತ್ತೇದಾರ ಷರ್ಲಾಕ್ ಹೋಮ್ಸ್ ನಿಂತಿದ್ದಾನೆ. ಕೆಳಗೆ ರಸ್ತೆಯಲ್ಲಿ ಫೋನು ಕಿವಿಗಿಟ್ಟುಕೊಂಡು ಅವನ ಗೆಳೆಯ ಡಾಕ್ಟರ್ ವಾಟ್ಸನ್. ಅಲ್ಲೇ ನಿಲ್ಲು, ಅಲ್ಲಿಂದ ಕದಲಬೇಡ ಅಂತ ಷರ್ಲಾಕ್ ಹೇಳುತ್ತಾನೆ. ಹಾರುತ್ತಾನೆ. ಮಧ್ಯೆ ಒಂದು ತಗ್ಗು ಕಟ್ಟಡ ಇರುವುದರಿಂದ ಅವನು ನೆಲಕ್ಕೆ ಬಿದ್ದದ್ದು ವಾಟ್ಸನ್‌ಗೆ ಕಾಣುವುದಿಲ್ಲ. ಓಡಿ ಬರುವಾಗ ಸೈಕಲ್ಲಿನವನೊಬ್ಬ ಗುದ್ದಿ ಬೀಳಿಸುತ್ತಾನೆ. ಎದ್ದು ಹತ್ತಿರ ಹೋಗುವಷ್ಟರಲ್ಲಿ ಜನ ಸೇರಿದ್ದಾರೆ, ರಕ್ತ ಹರಿದಿದೆ, ಮೂಟೆ ತುಂಬಿದ ಒಂದು ಲಾರಿ ಮೆಲ್ಲಗೆ ಅಲ್ಲಿಂದ ಹೊರಟಿದೆ. ಕೊನೆಯ ದೃಶ್ಯದಲ್ಲಿ ವಾಟ್ಸನ್ ಸಮಾಧಿ ಮುಂದೆ ಅಳುತ್ತಾನೆ, ಸ್ವಲ್ಪ ದೂರದಲ್ಲಿ ಷರ್ಲಾಕ್ ಜೀವಂತವಾಗಿ ನಿಂತು ನೋಡುತ್ತಿದ್ದಾನೆ. ಮುಗೀತು.

ಹೇಗೆ ಬದುಕಿದ? ಉತ್ತರ ಬಂದದ್ದು 2014ರ ಜನವರಿ 1ಕ್ಕೆ. ಸುಮಾರು ಎರಡು ವರ್ಷ. ಅಷ್ಟರಲ್ಲಿ ನಾವು ಪಿಜಿ ಬಿಟ್ಟಿದ್ದೆವು, ಮೂವರಲ್ಲಿ ಒಬ್ಬನಿಗೆ ಮದುವೆಯೂ ಆಗಿತ್ತು.

ಸೀಸನ್ನುಗಳ ನಡುವೆ ಕಾಯುವುದು ಈಗ ಮಾಮೂಲಾಗಿದೆ. ಆದರೆ ಕಾಯಿಸುವುದು ಒಂದು ಕಸುಬು. ಅದಕ್ಕೆ ಹಳೆಯ ಇತಿಹಾಸವಿದೆ, ಮತ್ತು ತಮಾಷೆ ಅಂದರೆ ಅದರ ಒಂದು ದೊಡ್ಡ ಅಧ್ಯಾಯವೂ ಇದೇ ಮನುಷ್ಯ ಇದೇ ಥರ ಬಿದ್ದಾಗಿನದು.

ಆರ್ಥರ್ ಕಾನನ್ ಡಾಯ್ಲ್ ಹೋಮ್ಸ್‌ನ ಸಣ್ಣ ಕಥೆಗಳನ್ನು ಲಂಡನ್ನಿನ ಸ್ಟ್ರಾಂಡ್ ಮಾಸಪತ್ರಿಕೆಯಲ್ಲಿ ಬರೆಯಲು ಶುರು ಮಾಡಿದ್ದು 1891ರಲ್ಲಿ. ಎರಡೂವರೆ ವರ್ಷದಲ್ಲಿ ಅವರಿಗೆ ಈ ಪತ್ತೇದಾರನ ಸಹವಾಸ ಸಾಕಾಯಿತು. ಅವರ ಮನಸ್ಸೆಲ್ಲ ಐತಿಹಾಸಿಕ ಕಾದಂಬರಿ ಕಡೆ ಇತ್ತು. ಮೊದಲ ಸಲ ಹೋಮ್ಸ್‌ನನ್ನು ಕೊಲ್ಲುತ್ತೇನೆ ಅಂದಾಗ ಅವರ ತಾಯಿಯೇ ಬೇಡ ಅಂತ ತಡೆದಿದ್ದರು. 1893ರ ಡಿಸೆಂಬರ್ ಸಂಚಿಕೆಯಲ್ಲಿ ಅಮ್ಮನ ಮಾತೂ ನಡೆಯಲಿಲ್ಲ. ಸ್ವಿಟ್ಜರ್ಲೆಂಡಿನ ರೈಷೆನ್‌ಬಾಖ್ ಜಲಪಾತದಲ್ಲಿ ತನ್ನ ಕಡುವೈರಿ ಪ್ರೊಫೆಸರ್ ಮೊರಿಯಾರ್ಟಿ ಜೊತೆ ಹೋಮ್ಸ್ ಕೂಡ ಹೋದ.

ಇಪ್ಪತ್ತು ಸಾವಿರ ಜನ ಚಂದಾ ನಿಲ್ಲಿಸಿದರು ಎನ್ನುತ್ತಾರೆ. ಲಂಡನ್ನಿನ ಗಂಡಸರು ಕಪ್ಪು ಪಟ್ಟಿ ಕಟ್ಟಿಕೊಂಡು ಆಫೀಸಿಗೆ ಹೋದರು ಎಂಬ ಕಥೆಯೂ ಎಲ್ಲ ಕಡೆ ಓಡಾಡುತ್ತದೆ, ಆದರೆ ಅದಕ್ಕೆ ಆ ಕಾಲದ ಗಟ್ಟಿ ಪುರಾವೆ ಇಲ್ಲ. ಇದ್ದಿದ್ದರೆ ಚೆನ್ನಾಗಿರುತ್ತಿತ್ತು. ಹೆಂಗಸೊಬ್ಬಳು "ರಾಕ್ಷಸ" ಅನ್ನುವ ಅರ್ಥದ ಬೈಗುಳದಿಂದಲೇ ಶುರು ಮಾಡಿ ಕಾಗದ ಬರೆದಳು ಅಂತ ಮಾತ್ರ ಡಾಯ್ಲ್ ತಾವೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಎಂಟು ವರ್ಷ ಅವರು ಜಗ್ಗಲಿಲ್ಲ. 1901ರಲ್ಲಿ ಒಂದು ಧಾರಾವಾಹಿ ಬರೆದರು, ಆದರೆ ಅದು ಹೋಮ್ಸ್ ಸಾಯುವ ಮೊದಲು ನಡೆದದ್ದು ಅಂತ ಜಾಣತನದಿಂದ ನುಣುಚಿಕೊಂಡರು. ಅವನನ್ನು ನಿಜವಾಗಿ ಬದುಕಿಸಿದ್ದು 1903ರಲ್ಲಿ. ಕೊಟ್ಟ ಕಾರಣ? ಹೋಮ್ಸ್‌ಗೆ ಜಪಾನಿನ ಒಂದು ಕುಸ್ತಿ ಪಟ್ಟು ಗೊತ್ತಿತ್ತಂತೆ, ಮೊರಿಯಾರ್ಟಿ ಒಬ್ಬನೇ ಬಿದ್ದನಂತೆ. ಹತ್ತು ವರ್ಷ ಕಾದವರಿಗೆ ಇಷ್ಟೇನಾ ಅನ್ನಿಸಬೇಕಿತ್ತು. ಯಾರೂ ತಲೆ ಕೆಡಿಸಿಕೊಂಡಂತಿಲ್ಲ, ಅವನು ವಾಪಸ್ ಬಂದನಲ್ಲ, ಸಾಕು ಅಂದುಕೊಂಡರು.

ನಮ್ಮಲ್ಲಿ ಪತ್ತೇದಾರಿ ಕಥೆಗೆ ಈ ಕಾಟ ಇರಲಿಲ್ಲ. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು; ಪುರುಷೋತ್ತಮನ ಒಂದು ಸಾಹಸ ಮುಗಿಸಿ ಲೈಬ್ರರಿಗೆ ಹಿಂದಿರುಗಿಸುವಷ್ಟರಲ್ಲಿ ಇನ್ನೊಂದು ಸಿದ್ಧವಾಗಿರುತ್ತಿತ್ತು. ಕಾಯುವ ಅಭ್ಯಾಸ ಆದದ್ದು ವಾರಪತ್ರಿಕೆ ಧಾರಾವಾಹಿಗಳಿಂದ. ಅದೂ ಒಂದು ವಾರ, ಹೆಚ್ಚೆಂದರೆ ಪೇಪರಿನವನು ತಡ ಮಾಡಿದರೆ ಇನ್ನೊಂದು ದಿನ.

ಟೀವಿಗೆ ಬಂದಾಗ ಈ ಕಾಯುವಿಕೆಗೆ ಒಂದು ಕ್ಯಾಲೆಂಡರ್ ಸಿಕ್ಕಿತು. ಅಮೆರಿಕದಲ್ಲಿ ಧಾರಾವಾಹಿ ಸೆಪ್ಟೆಂಬರಿನಲ್ಲಿ ಶುರುವಾದರೆ ಇಪ್ಪತ್ತಕ್ಕೂ ಹೆಚ್ಚು ಎಪಿಸೋಡು ಓಡಿ ಬೇಸಿಗೆ ಹೊತ್ತಿಗೆ ನಿಲ್ಲುತ್ತಿತ್ತು. ಬೇಸಿಗೆಯಲ್ಲಿ ಹಳೆಯದನ್ನೇ ಮತ್ತೆ ಹಾಕುತ್ತಿದ್ದರು. ಜನ ಮರೆತುಬಿಟ್ಟರೆ? ಅದಕ್ಕೇ ಕೊನೆಯ ಎಪಿಸೋಡಿನಲ್ಲಿ ಒಂದು ಕೊಕ್ಕೆ ಹಾಕಿ ಬಿಡುವುದು. ಇದನ್ನು ಜಗತ್ತಿಗೆಲ್ಲ ತೋರಿಸಿಕೊಟ್ಟದ್ದು ಡಲ್ಲಾಸ್ ಎಂಬ ಸೀರಿಯಲ್. 1980ರ ಮಾರ್ಚಿನಲ್ಲಿ ಎಣ್ಣೆ ಕಂಪನಿಯ ಖದೀಮ ಜೆ.ಆರ್. ಯೂಯಿಂಗ್‌ಗೆ ಯಾರೋ ಗುಂಡು ಹೊಡೆದರು. ಬಾಗಿಲಲ್ಲಿ ನೆರಳು, ಎರಡು ಗುಂಡು, ಅಷ್ಟೇ. ಅದು ಅಪರಾಧದ ಸೀರಿಯಲ್ ಅಲ್ಲ, ಮನೆ ಜಗಳದ ಸೀರಿಯಲ್, ಆದರೆ ಆ ಬೇಸಿಗೆಯಲ್ಲಿ ಜನರೆಲ್ಲ ಪತ್ತೇದಾರರಾದರು. ಬ್ರಿಟನ್ನಿನಲ್ಲಿ ಬುಕಿಗಳು ಬಾಜಿ ತೆಗೆದುಕೊಂಡರು. ಹಾಲಿವುಡ್ ನಟರ ಮುಷ್ಕರದಿಂದ ಹೊಸ ಸೀಸನ್ ಇನ್ನೂ ಮುಂದೆ ಹೋಯಿತು. ಗುಟ್ಟು ಹೊರಬೀಳಬಾರದೆಂದು ಬೇರೆ ಬೇರೆ ಪಾತ್ರಗಳು ಗುಂಡು ಹಾರಿಸುವ ದೃಶ್ಯ ತೆಗೆದಿಟ್ಟಿದ್ದರು. ನವೆಂಬರ್ 21ರಂದು ಉತ್ತರ ಬಂದಾಗ ಅಮೆರಿಕದಲ್ಲೇ ಸುಮಾರು 8.3 ಕೋಟಿ ಜನ ನೋಡಿದರು. ಹೊಡೆದವಳು ಅವನ ನಾದಿನಿ. ಆ ನಾದಿನಿಯ ಹೆಸರು ಇವತ್ತು ಎಷ್ಟು ಜನಕ್ಕೆ ನೆನಪಿದೆ? ಪ್ರಶ್ನೆ ಮಾತ್ರ ಎಲ್ಲರಿಗೂ ನೆನಪಿದೆ.

ಹತ್ತು ವರ್ಷದ ಮೇಲೆ ಟ್ವಿನ್ ಪೀಕ್ಸ್ ಇನ್ನೊಂದು ಪಾಠ ಕಲಿಸಿತು. 1990ರ ಏಪ್ರಿಲಿನಲ್ಲಿ ಶುರುವಾಯಿತು, ಲಾರಾ ಪಾಮರ್ ಎಂಬ ಹುಡುಗಿಯನ್ನು ಕೊಂದವರು ಯಾರು ಅನ್ನುವುದೇ ಅದರ ಜೀವ. ಅದನ್ನು ಕಟ್ಟಿದವರಲ್ಲೊಬ್ಬರಾದ ಡೇವಿಡ್ ಲಿಂಚ್‌ಗೆ ಉತ್ತರ ಹೇಳುವ ಇಷ್ಟವೇ ಇರಲಿಲ್ಲ. ಚಾನೆಲ್ಲಿನವರು ಬಿಡಲಿಲ್ಲ, ಹೇಳಿಸಿದರು, ಅದೇ ನವೆಂಬರಿನಲ್ಲಿ. ಉತ್ತರ ಸಿಕ್ಕಿದ ಜನ ಚಾನೆಲ್ ಬದಲಿಸಿ ಎದ್ದುಹೋದರು, 1991ರ ಜೂನಿಗೆ ಸೀರಿಯಲ್ ಮುಚ್ಚಿತು. ಕೊನೆಯ ಎಪಿಸೋಡಿನ ಕನಸಿನಂಥ ಒಂದು ದೃಶ್ಯದಲ್ಲಿ ಲಾರಾ "ಇಪ್ಪತ್ತೈದು ವರ್ಷದ ಮೇಲೆ ಮತ್ತೆ ಸಿಗ್ತೀನಿ" ಅನ್ನುತ್ತಾಳೆ. 2017ರ ಮೇ ತಿಂಗಳಲ್ಲಿ ನಿಜವಾಗಿಯೂ ಸಿಕ್ಕಿದಳು. ಇದಕ್ಕಿಂತ ಉದ್ದದ ಕಾಯುವಿಕೆ ನನಗೆ ಗೊತ್ತಿಲ್ಲ.

ಈಗ ಮತ್ತೆ ಲಾರಿಗೆ ಬರೋಣ.

ಬಿಬಿಸಿಯ ಷರ್ಲಾಕ್ ಕಟ್ಟಿದ್ದು ಸ್ಟೀವನ್ ಮೊಫಾಟ್ ಮತ್ತು ಮಾರ್ಕ್ ಗೇಟಿಸ್, ಇಬ್ಬರೂ ಚಿಕ್ಕಂದಿನಿಂದ ಹೋಮ್ಸ್ ಭಕ್ತರು. 2010ರ ಜುಲೈಯಲ್ಲಿ ಮೊದಲ ಸೀಸನ್. ಮೂರೇ ಎಪಿಸೋಡು, ಒಂದೊಂದು ಒಂದೂವರೆ ಗಂಟೆ, ಅಂದರೆ ಒಂದೊಂದೂ ಒಂದು ಸಿನಿಮಾ. ಮೊದಲ ಸೀಸನ್ ಮುಗಿದದ್ದೇ ಈಜುಕೊಳದ ಪಕ್ಕ ಬಾಂಬು ಮತ್ತು ಪಿಸ್ತೂಲು ಹಿಡಿದು ನಿಂತಿರುವಾಗ. ಅದರ ಮುಂದಿನದು ಬಂದದ್ದು ಹದಿನೇಳು ತಿಂಗಳ ಮೇಲೆ. ಆಗಲೇ ನಮಗೆ ಅರ್ಥವಾಗಬೇಕಿತ್ತು.

ಎರಡನೇ ಸೀಸನ್ ಆದ ಮೇಲೆ ತಡವಾದದ್ದಕ್ಕೆ ದೊಡ್ಡ ಸಂಚೇನೂ ಇಲ್ಲ, ಡೇಟ್ಸ್ ಸಿಗಲಿಲ್ಲ ಅಷ್ಟೇ. ಈ ಸೀರಿಯಲ್ಲಿನಿಂದಲೇ ಬೆನೆಡಿಕ್ಟ್ ಕಂಬರ್‌ಬ್ಯಾಚ್ ಸ್ಟಾರ್ ಆಗಿ ಹಾಲಿವುಡ್ಡಿಗೆ ಹೋದರು. ವಾಟ್ಸನ್ ಆಗಿದ್ದ ಮಾರ್ಟಿನ್ ಫ್ರೀಮನ್ ನ್ಯೂಜಿಲೆಂಡಿನಲ್ಲಿ ಹಾಬಿಟ್ ಸಿನಿಮಾಗಳಲ್ಲಿ ಸಿಕ್ಕಿಕೊಂಡರು, ಅದೇ ಸಿನಿಮಾದ ಡ್ರ್ಯಾಗನ್‌ಗೆ ದನಿ ಕೊಟ್ಟದ್ದು ಮತ್ತೆ ಕಂಬರ್‌ಬ್ಯಾಚ್. ಮೊಫಾಟ್ ಅದೇ ಹೊತ್ತಿಗೆ ಡಾಕ್ಟರ್ ಹೂ ಎಂಬ ಸೀರಿಯಲ್ ಕೂಡ ನಡೆಸುತ್ತಿದ್ದರು. ಮೂವರೂ ಒಟ್ಟಿಗೆ ಬಿಡುವಾಗಬೇಕು. ಹಿಂದೆ ಟೀವಿ ನಟ ಅಂದರೆ ವರ್ಷಪೂರ್ತಿ ಆ ಸೀರಿಯಲ್ಲಿನವನೇ. ಈಗ ಸೀರಿಯಲ್ ಗೆದ್ದಷ್ಟೂ ಅದರ ನಟರು ಕೈಗೆ ಸಿಗುವುದಿಲ್ಲ.

ಆದರೆ ಕಾಯುವವರಿಗೆ ಕಾರಣ ಯಾಕೆ ಬೇಕು? ಕೆಲಸ ಬೇಕಿತ್ತು, ಮೊಫಾಟ್ ಕೊಟ್ಟರು. ಬಿದ್ದ ದೃಶ್ಯದಲ್ಲಿ ಎಲ್ಲರೂ ತಪ್ಪಿಸಿಕೊಂಡ ಒಂದು ಸುಳಿವಿದೆ ಅಂತ ಸಂದರ್ಶನದಲ್ಲಿ ಹೇಳಿಬಿಟ್ಟರು. ಅಲ್ಲಿಂದ ಜಗತ್ತಿನ ಸ್ಪೇಸ್‌ಬಾರ್‌ಗಳೆಲ್ಲ ಸವೆದವು. ಸೈಕಲ್ಲಿನವನು ಷರ್ಲಾಕ್ ಕಡೆಯವನು. ರಕ್ತ ತಂದದ್ದು ಆ ಆಸ್ಪತ್ರೆಯಲ್ಲೇ ಕೆಲಸ ಮಾಡುವ ಅವನ ಗೆಳತಿ ಮಾಲಿ. ಕಂಕುಳಲ್ಲಿ ರಬ್ಬರ್ ಚೆಂಡು ಒತ್ತಿ ಹಿಡಿದರೆ ಕೈಯ ನಾಡಿ ಸಿಗುವುದಿಲ್ಲ, ನನ್ನ ರೂಮ್‌ಮೇಟ್ ಇದನ್ನು ಕ್ರಿಕೆಟ್ಟಿನ ಟೆನಿಸ್ ಬಾಲ್ ಇಟ್ಟುಕೊಂಡು ಪ್ರಯೋಗ ಮಾಡಿ, ನನ್ನ ಕೈಗೆ ತನ್ನ ಮಣಿಕಟ್ಟು ಕೊಟ್ಟು "ಸಿಗ್ತಿದೆಯಾ? ಸಿಗ್ತಿದೆಯಾ?" ಅಂತ ಕೇಳಿದ್ದ. ಸಿಗುತ್ತಿತ್ತು. ಸುಮ್ನೆ ಇಲ್ಲ ಅಂದೆ.

ಲಂಡನ್ನಿನಲ್ಲಿದ್ದವರು ಇನ್ನೂ ಮುಂದೆ ಹೋದರು. ಆಸ್ಪತ್ರೆ ಪಕ್ಕದ ಕೆಂಪು ಫೋನ್ ಬೂತಿಗೆ "ಷರ್ಲಾಕ್ ಹೋಮ್ಸ್‌ನನ್ನು ನಾನು ನಂಬುತ್ತೇನೆ" ಅಂತ ಚೀಟಿ ಅಂಟಿಸಿದರು. ಮೂರನೇ ಸೀಸನ್ ಶೂಟಿಂಗ್ ಶುರುವಾದಾಗ ನಾರ್ತ್ ಗೋವರ್ ಸ್ಟ್ರೀಟಿನಲ್ಲಿ ಗುಂಪು ಸೇರಿದರು. ಟೀವಿಯಲ್ಲಿ ಷರ್ಲಾಕ್ ಮನೆಯಿರುವ ಬೇಕರ್ ಸ್ಟ್ರೀಟ್ ಅಂತ ತೋರಿಸುವುದು ಈ ರಸ್ತೆಯನ್ನೇ. ನೋಡಿದ್ದನ್ನೆಲ್ಲ 'ಸೆಟ್‌ಲಾಕ್' ಹ್ಯಾಶ್‌ಟ್ಯಾಗ್‌ನಲ್ಲಿ ಹಾಕಿದರು. ಬಿಬಿಸಿ ಸುಮ್ಮನಿರಲಿಲ್ಲ. 2012ರ ಆಗಸ್ಟಿನಲ್ಲಿ ಮೊಫಾಟ್ ಮೂರು ಪದ ಎಸೆದರು: ಇಲಿ, ಮದುವೆ, ಬಿಲ್ಲು. ಇಂಗ್ಲಿಷಿನಲ್ಲಿ ಈ ಕೊನೆಯ ಪದಕ್ಕೆ ಬಾಗುವುದು, ಬಿಲ್ಲು, ರಿಬ್ಬನ್ ಗಂಟು ಎಲ್ಲ ಅರ್ಥವೂ ಇದೆ, ಅದರ ಮೇಲೇ ವಾರಗಟ್ಟಲೆ ಜಗಳ. 2013ರ ನವೆಂಬರ್ ಕೊನೆಗೆ ಲಂಡನ್ ಬೀದಿಗಳಲ್ಲಿ ಒಂದು ಖಾಲಿ ಶವದ ಗಾಡಿ ಓಡಾಡಿತು. ಒಳಗೆ ಹೂವಿನಲ್ಲಿ ಷರ್ಲಾಕ್ ಹೆಸರು, ಜೊತೆಗೆ ತಾರೀಖು: 01 01 14. ಪ್ರಸಾರದ ದಿನ ಹೇಳಿದ ರೀತಿ ಅದು! ಒಪ್ಪಬೇಕಾದ್ದೇ, ಅಲ್ವಾ?

ಜನವರಿ 1ರ ರಾತ್ರಿ ಬ್ರಿಟನ್ನಿನಲ್ಲಿ 92 ಲಕ್ಷ ಜನ ಕೂತು ನೋಡಿದರು. ಮತ್ತೆ ಏನಾಯಿತು ಗೊತ್ತಾ? ಮೂರು ಉತ್ತರ ಕೊಟ್ಟರು. ಒಂದರಲ್ಲಿ ಹಗ್ಗ ಕಟ್ಟಿಕೊಂಡು ಹಾರಿ ಕಿಟಕಿ ಒಡೆದು ಒಳಬಂದು ಮಾಲಿಗೆ ಮುತ್ತು ಕೊಡುತ್ತಾನೆ. ಇನ್ನೊಂದರಲ್ಲಿ ಷರ್ಲಾಕ್, ಮೊರಿಯಾರ್ಟಿ ಇಬ್ಬರೂ ಸೇರಿ ಗೊಂಬೆ ತಳ್ಳಿ ನಗುತ್ತಿರುತ್ತಾರೆ. ಇವೆರಡೂ ಕಥೆಯೊಳಗಿನ ಅಭಿಮಾನಿ ಸಂಘದವರ ಊಹೆಗಳು. ಹೌದು, ಕಥೆಯೊಳಗೇ ಒಂದು ಅಭಿಮಾನಿ ಸಂಘ ಮಾಡಿ ನಮ್ಮನ್ನೆಲ್ಲ ಅಲ್ಲಿ ಕೂರಿಸಿದ್ದರು. ಮೂರನೆಯದನ್ನು ಷರ್ಲಾಕ್ ತಾನೇ ಹೇಳುತ್ತಾನೆ: ದೊಡ್ಡ ಗಾಳಿ ಹಾಸಿಗೆ, ಸೈಕಲ್ಲಿನವನು, ಕಂಕುಳಲ್ಲಿ ಚೆಂಡು. ಕೇಳಿಸಿಕೊಂಡ ಆಂಡರ್ಸನ್‌ಗೆ, ಆ ಅಭಿಮಾನಿ ಸಂಘ ಕಟ್ಟಿದವನಿಗೆ, ಸಮಾಧಾನವಾಗುವುದಿಲ್ಲ, ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅನ್ನುತ್ತಾನೆ. ಅದೂ ನಿಜವೋ ಸುಳ್ಳೋ ಅಂತ ತೇಲಿಸಿಬಿಟ್ಟರು.

ನಾನು ಆವತ್ತು ಬಿದ್ದು ಬಿದ್ದು ನಕ್ಕೆ. ಮಾರನೇ ದಿನ ಸಿಟ್ಟು ಬಂತು. ಎರಡು ವರ್ಷದಲ್ಲಿ ಪ್ರಶ್ನೆ ಎಷ್ಟು ಊದಿಕೊಂಡಿತ್ತೆಂದರೆ ಯಾವ ಉತ್ತರವೂ ಅದರ ಅಳತೆಗೆ ಕೂರುತ್ತಿರಲಿಲ್ಲ, ಅದು ಬರೆದವರಿಗೂ ಗೊತ್ತಿತ್ತು. ಡಾಯ್ಲ್ ಕುಸ್ತಿ ಪಟ್ಟು ಅಂತ ಹೇಳಿ ಮುಂದೆ ಹೋದರು. ಇವರಿಗೆ ಹಾಗೆ ಹೋಗುವ ಧೈರ್ಯ ಬರಲಿಲ್ಲ. ಕೇಸು ಬಿಟ್ಟು ಕಾದವರ ಕಡೆ ತಿರುಗಿ ಕಣ್ಣು ಹೊಡೆದರು. ನನ್ನ ಪ್ರಕಾರ ಷರ್ಲಾಕ್ ನಿಜವಾಗಿ ಬಿದ್ದದ್ದು ಆವತ್ತೇ. 2017ರ ಜನವರಿಯಲ್ಲಿ ನಾಲ್ಕನೇ ಸೀಸನ್ನಿನ ಕೊನೆಯ ಎಪಿಸೋಡು ಬಂದಾಗ ಆ ರಾತ್ರಿಯ ಲೆಕ್ಕ 59 ಲಕ್ಷಕ್ಕೆ ಇಳಿದಿತ್ತು. ಅದು ಎಷ್ಟು ಕೆಟ್ಟದಾಗಿತ್ತೆಂದರೆ ಇದು ಬೇಕೆಂದೇ ಮಾಡಿದ ನಾಟಕ, ನಿಜವಾದ ಎಪಿಸೋಡನ್ನು ಮುಂದಿನ ಭಾನುವಾರ ಆ್ಯಪಲ್ ಟ್ರೀ ಯಾರ್ಡ್ ಎಂಬ ಹೊಸ ಸೀರಿಯಲ್ಲಿನ ಹೆಸರಲ್ಲಿ ಗುಟ್ಟಾಗಿ ಹಾಕುತ್ತಾರೆ ಅಂತ ಕೆಲವರು ನಂಬಿ ಟೀವಿ ಮುಂದೆ ಕೂತರು. ಆ್ಯಪಲ್ ಟ್ರೀ ಯಾರ್ಡ್ ಹೆಸರಲ್ಲಿ ಆ್ಯಪಲ್ ಟ್ರೀ ಯಾರ್ಡೇ ಬಂತು. ಐದನೇ ಸೀಸನ್ ಇವತ್ತಿಗೂ ಇಲ್ಲ.

ಓಟಿಟಿ ಬಂದ ಮೇಲೆ ಕ್ಯಾಲೆಂಡರೇ ಹೋಯಿತು. ಎಂಟು ಗಂಟೆಯ ಕಥೆಯನ್ನು ನಾವು ಒಂದು ಶನಿವಾರ ನುಂಗಿ, ಭಾನುವಾರ ಬೆಳಿಗ್ಗೆಯಿಂದ ಕಾಯಲು ಶುರು ಮಾಡುತ್ತೇವೆ. ಹಿಂದಿಯ ಪಾತಾಳ್ ಲೋಕ್ ಮೊದಲ ಸೀಸನ್ ಬಂದದ್ದು 2020ರ ಮೇ, ಲಾಕ್‌ಡೌನಿನಲ್ಲಿ. ಎರಡನೆಯದು 2025ರ ಜನವರಿ. ಅದರ ಪೊಲೀಸ್ ಇನ್ಸ್‌ಪೆಕ್ಟರ್ ಹಾಥಿರಾಮ್ ಚೌಧರಿ ನಾಗಾಲ್ಯಾಂಡಿಗೆ ಹೋಗುವ ಹೊತ್ತಿಗೆ ಮೊದಲ ಸೀಸನ್ನಿನಲ್ಲಿ ಯಾರು ಯಾರನ್ನು ಯಾಕೆ ಕೊಂದರು ಅನ್ನುವುದೇ ನನಗೆ ಮರೆತಿತ್ತು, ಯೂಟ್ಯೂಬಿನಲ್ಲಿ ಹತ್ತು ನಿಮಿಷದ ಸಾರಾಂಶ ನೋಡಿ ಕೂತೆ. ಆದರೂ ಒಳ್ಳೆಯದು ಅನ್ನಿಸಿತು. ಅದು ಹಳೆಯ ಗಂಟು ಬಿಚ್ಚಲು ಹೋಗದೆ ಹೊಸ ಕೇಸು ಹಿಡಿದುಕೊಂಡಿತ್ತಲ್ಲ, ಅದಕ್ಕೇ ಇರಬೇಕು.

ಗಂಟನ್ನೇ ನಂಬಿದ್ದು ಬಿಬಿಸಿಯ ಲೈನ್ ಆಫ್ ಡ್ಯೂಟಿ. ನೋಡದವರು ಇಲ್ಲಿಗೇ ನಿಲ್ಲಿಸಿ. ಪೊಲೀಸರೊಳಗಿನ ಭ್ರಷ್ಟರನ್ನು ಹಿಡಿಯುವ ತಂಡದ ಕಥೆ, ಆ ಎಲ್ಲರ ತಲೆಯಾಗಿರುವ 'ಎಚ್' ಯಾರು ಅಂತ ಜನ ವರ್ಷಗಟ್ಟಲೆ ತಲೆ ಕೆರೆದುಕೊಂಡಿದ್ದರು. 2021ರ ಮೇ 2ರಂದು ಆರನೇ ಸೀಸನ್ನಿನ ಕೊನೆಯ ಎಪಿಸೋಡನ್ನು 1.28 ಕೋಟಿ ಜನ ನೋಡಿದರು. ಉತ್ತರ, ಬಕೆಲ್ಸ್ ಎಂಬ ಪೊಲೀಸ್ ಅಧಿಕಾರಿ. ಆ ದಡ್ಡ ಬಕೆಲ್ಸ್! ಇಡೀ ದೇಶ ಮುಖ ಸಿಂಡರಿಸಿತು.

ಏಳನೇ ಸೀಸನ್ ಬರುತ್ತದೆ ಅಂತ 2025ರ ನವೆಂಬರಿನಲ್ಲಿ ಬಿಬಿಸಿ ಹೇಳಿತು. ಆ ರಾತ್ರಿ ನನ್ನ ಹಳೆಯ ರೂಮ್‌ಮೇಟ್‌ನಿಂದ ವಾಟ್ಸಾಪ್ ಬಂತು. ಅವನಿಗೆ ಈಗ ಇಬ್ಬರು ಮಕ್ಕಳು, ಮಂಡಿ ನೋವು, ಮನೆ ಸಾಲ.

"ಬಕೆಲ್ಸ್ ಅಲ್ಲ ಕಣೋ. ಆರನೇ ಸೀಸನ್ ಲಾಸ್ಟ್ ಎಪಿಸೋಡ್ ಮತ್ತೆ ನೋಡ್ತಿದೀನಿ. ಲಿಫ್ಟ್ ಸೀನ್ ನಿಲ್ಲಿಸಿ ನೋಡು."