ಸ್ಕ್ಯಾನ್ ಆಗಿದೆಯಲ್ಲ, ಮತ್ತೊಂದು ಯಾಕೆ?

ಬೆಂಗಳೂರಿಗೆ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಊರಿನವರು ರೇಡಿಯೋಥೆರಪಿಗೆ, ಅಂದರೆ ವಿಕಿರಣದ ಚಿಕಿತ್ಸೆಗೆ, ‘ಕರೆಂಟ್ ಕೊಡೋದು’ ಅನ್ನುತ್ತಾರೆ. ಸಿಟಿ ಆಗಿದೆ, ಎಂಆರ್‌ಐ ಆಗಿದೆ, ಸಾಲ ಮಾಡಿ ಪೆಟ್ ಸ್ಕ್ಯಾನೂ ಆಗಿದೆ. ಕರೆಂಟ್‌ಗೆ ಮುಂಚೆ ಮತ್ತೊಂದು ಸ್ಕ್ಯಾನ್ ಅಂದಾಗ, ಇದು ದುಡ್ಡಿಗೋಸ್ಕರವೇ ಇರಬೇಕು ಎಂಬ ಅನುಮಾನ ಮನೆಯವರಲ್ಲಿ ಹುಟ್ಟುತ್ತದೆ.

1895ರಲ್ಲಿ ರಾಂಟ್‌ಜೆನ್ ಎಕ್ಸ್-ರೇ ಕಂಡುಹಿಡಿದ ಮೇಲೂ ಮುಕ್ಕಾಲು ಶತಮಾನ ವೈದ್ಯರು ದೇಹದೊಳಗಿನ ಗಡ್ಡೆಗೆ ಅಂದಾಜಿನಲ್ಲೇ ಗುರಿ ಇಟ್ಟರು. ಫಿಲ್ಮಿನಲ್ಲಿ ಚೆನ್ನಾಗಿ ಕಾಣುವುದು ಮೂಳೆ. ಅದರ ಗುರುತು ಹಿಡಿದು, ಸುತ್ತ ಧಾರಾಳವಾಗಿ ಜಾಗ ಬಿಟ್ಟು ಚೌಕ ಎಳೆಯುತ್ತಿದ್ದರು. ಬಾಯಿ, ಗಂಟಲ ಕ್ಯಾನ್ಸರ್ ಆಗಿದ್ದರೆ ಚೌಕದೊಳಗೆ ಸಿಕ್ಕ ಜೊಲ್ಲಿನ ಗ್ರಂಥಿಗೂ ಏಟು ಬಿದ್ದು ರೋಗಿಯ ಬಾಯಿ ಒಣಗಿಹೋಗುತ್ತಿತ್ತು. 1971ರಲ್ಲಿ ಲಂಡನ್ನಿನಲ್ಲಿ ಎಂಜಿನಿಯರ್ ಹೌನ್ಸ್‌ಫೀಲ್ಡ್ ಅವರ ಸಿಟಿ ಯಂತ್ರ ಮೊದಲ ರೋಗಿಯ ಮೆದುಳನ್ನು ಪದರವಾಗಿ ತೋರಿಸಿತು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಶುರುವಾದದ್ದು 1973ರಲ್ಲಿ, ಅಂದರೆ ಆಗ ಸಿಟಿ ಬಂದು ಬರೀ ಎರಡು ವರ್ಷವಾಗಿತ್ತು.

ಸಿಟಿ ಕೊಡುವುದು ಬರೀ ಚಿತ್ರವಲ್ಲ, ಪ್ರತಿ ಚುಕ್ಕೆಗೂ ಒಂದು ಅಂಕಿ. ನೀರಿಗೆ 0, ಗಾಳಿಗೆ ಮೈನಸ್ 1000. ಯಾವ ಜಾಗ ಎಷ್ಟು ವಿಕಿರಣ ಹೀರುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕುವುದು ಇದರಿಂದಲೇ. ಎಂಆರ್‌ಐ ಮೆದುಳನ್ನೂ ಪ್ರಾಸ್ಟೇಟನ್ನೂ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ, ಆದರೆ ಅದರಲ್ಲಿ ಈ ಅಂಕಿ ಇಲ್ಲ. ಪೆಟ್, ಸಕ್ಕರೆ ಹೆಚ್ಚು ತಿನ್ನುವ ಜೀವಕೋಶಗಳನ್ನು ಬೆಳಗಿಸುತ್ತದೆ, ಅಂಚು ಮಾತ್ರ ಮಸುಕು. ಹಾಗಾಗಿ ಒಂದರ ಮೇಲೊಂದು ಕೂರಿಸಿ ನೋಡಬೇಕು. ಅಡಿಪಾಯ ಸಿಟಿಯೇ, ಅದೂ ಕರೆಂಟ್ ಕೊಡುವಾಗ ಮಲಗುವ ಭಂಗಿಯಲ್ಲೇ ತೆಗೆದದ್ದು. ರೋಗಪತ್ತೆಯ ಸಿಟಿ ಮಂಚ ತೊಟ್ಟಿಲಿನಂತೆ ಬಾಗಿರುತ್ತದೆ, ಚಿಕಿತ್ಸೆಯ ಮಂಚ ಹಲಗೆಯಂತೆ ಚಪ್ಪಟೆ. ಬೆನ್ನು ಬಾಗಿದರೆ ಒಳಗಿನ ಅಂಗಗಳೂ ಜರುಗುತ್ತವೆ. ಅದಕ್ಕೇ ಹಳೆಯ ಸ್ಕ್ಯಾನ್ ಸಾಲದು.

ಗಂಟಲ ಕ್ಯಾನ್ಸರ್ ಆಗಿದ್ದ ನಮ್ಮ ಚಿಕ್ಕಪ್ಪನ ಜೊತೆ ಹೋದಾಗ ಬಾಗಿಲಲ್ಲಿ ನಿಂತು ನೋಡಿದೆ. ತೂತುತೂತಿನ ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ಹಣೆಯಿಂದ ಹೆಗಲವರೆಗೆ ಎಳೆದು ಕೂರಿಸಿದರು. ಕೆಲವೇ ನಿಮಿಷಕ್ಕೆ ಅದು ಅವರ ಮೂಗು, ಗಲ್ಲದ ಅಚ್ಚಾಗಿ ಗಟ್ಟಿಯಾಯಿತು. ಲೇಸರ್ ಗೆರೆ ಬಿದ್ದಲ್ಲಿ ಪೆನ್ನಿನ ಗುರುತು ಹಾಕಿ, ಆಮೇಲೆ ಸ್ಕ್ಯಾನ್. ಮುಂದೆ ದಿನವೂ ಅದೇ ಮಾಸ್ಕ್.

ಚಿತ್ರ ಬಂದ ಮೇಲೆ ವೈದ್ಯರು ಒಂದೊಂದೇ ಪದರದಲ್ಲಿ ಗಡ್ಡೆಯ ಗಡಿ ಎಳೆಯುತ್ತಾರೆ. ಕಂಡ ಗಡ್ಡೆಗೊಂದು ಗೆರೆ, ಸುತ್ತ ಕಾಣದೆ ಹರಡಿರಬಹುದಾದದ್ದಕ್ಕೆ ಇನ್ನೊಂದು, ದಿನದಿನದ ಅಲುಗಾಟಕ್ಕೆ ಮತ್ತೊಂದು. 1993ರಿಂದ ಜಗತ್ತಿನೆಲ್ಲೆಡೆ ಇದೇ ಭಾಷೆ. ಆದರೂ ಇಬ್ಬರು ನುರಿತವರು ಒಂದೇ ಚಿತ್ರದ ಮೇಲೆ ಎಳೆದ ಗೆರೆ ಒಂದೇ ಆಗಿರುವುದಿಲ್ಲ. ಈಗ ಸಾಫ್ಟ್‌ವೇರ್ ಗೆರೆ ಎಳೆದುಕೊಡುತ್ತದೆ. ತಿದ್ದುವ ಕಣ್ಣು ಮನುಷ್ಯರದೇ ಆಗಬೇಕು.

ಮತ್ತೆ ಸ್ಕ್ಯಾನ್ ಯಾಕೆಂದು ಚಿಕ್ಕಪ್ಪನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದ್ದು ಮಾಸ್ಕ್ ಕೂರಿಸಿದ ಟೆಕ್ನಿಶಿಯನ್ ಹುಡುಗಿ. ಎರಡು ನಿಮಿಷ ಹಿಡಿಯಿತು. ಅಷ್ಟರಲ್ಲಾಗಲೇ ಅವರು ಸಹಿ ಹಾಕಿಯಾಗಿದ್ದ ಕಾಗದ ಇಂಗ್ಲಿಷಿನಲ್ಲಿತ್ತು.